ಹಳ್ಳಕ್ಕೆ ಬಿಟ್ಟ ತೇರಡಾ ಹೂ

ವಿಮಾನ ನಿಲ್ದಾಣ

ನಾನು ಹೊತ್ತುಕೊಂಡು ಹೋದ ಎರಡು ಕಿಲೋ ಬೆಳಗಾವಿ ಕುಂದಾ ಇಂಗ್ಲೆಂಡಿನ ವಿಮಾನ ನಿಲ್ದಾಣದ ಕಸದ ಡಬ್ಬಿಗೆ ಬಿತ್ತು. ಟಿಳಕವಾಡಿಯಲ್ಲಿ ಮಳೆಯಲ್ಲಿ ನಿಂತು ತಂದದ್ದು. ದಾರಿಯಲ್ಲಿ ಸೀರೆಗಳಿಗೆ ಜಿಡ್ಡು ತಾಗದಿರಲೆಂದು ಮೂರು ಪದರು ಸುತ್ತಿಟ್ಟದ್ದು. ನೀಲಿ ಕೈಗವಸು ಹಾಕಿಕೊಂಡಿದ್ದ ಒಬ್ಬ ಹುಡುಗಿ ಒಂದೊಂದೇ ಪದರು ಬಿಚ್ಚಿ, ಮೂಸಿ ನೋಡಿ, "ಇದರಲ್ಲಿ ಹಾಲು ಇದೆಯೇ?" ಎಂದು ಕೇಳಿದಳು. ಕುಂದಾದಲ್ಲಿ ಹಾಲು ಇದೆಯೇ ಎಂದು ಬೆಳಗಾವಿಯವಳನ್ನು ಕೇಳುವುದೇ? "ಹಾಲೇ ಇದೆ, ಅದನ್ನು ಎಂಟು ತಾಸು ಕುದಿಸುತ್ತಾರೆ" ಎಂದು ಹೆಮ್ಮೆಯಿಂದ ಹೇಳಿದೆ. ಅಷ್ಟಕ್ಕೇ ಕುಂದಾ ಹೋಯಿತು. ಬೇರೆ ದೇಶದ ಹಾಲಿನ ಪದಾರ್ಥದ ಜೊತೆ ಬೇರೆ ದೇಶದ ರೋಗವೂ ಬಂದು ತಮ್ಮ ದನಗಳಿಗೆ ತಗಲಬಹುದು ಎಂದು ಆ ಹುಡುಗಿ ಬಹಳ ವಿನಯದಿಂದ ತಿಳಿಸಿದಳು. ಮೂರು ಸಲ ಸಾರಿ ಅಂದಳು.

ಕುಂದಾ ತಡೆದರು, ನನ್ನನ್ನು ಒಳಗೆ ಬಿಟ್ಟರು. ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಆ ದೇಶದಲ್ಲಿ ನಾನು ನೋಡಿದ್ದು ಕಡಿಮೆ, ಕೆಡಿಸಿದ್ದು ಹೆಚ್ಚು. ಅರಮನೆ, ದೊಡ್ಡ ಗಡಿಯಾರ, ಮೇಣದ ಬೊಂಬೆಗಳು ಯಾವುದನ್ನೂ ನೋಡಲಿಲ್ಲ. ಆರು ವಾರ ಒಂದು ಹಳ್ಳದ ದಂಡೆಯಲ್ಲಿದ್ದು ಬಂದೆ. ಹೋದದ್ದು ತಂಗಿ ನೀಲಾಳಿಗಾಗಿ. ಅವಳು ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ಹದಿನೆಂಟು ವರ್ಷದಿಂದ ನರ್ಸ್. ರೋಗಿಗಳನ್ನು ಎತ್ತಿ ಎತ್ತಿ ಬೆನ್ನು ಹಾಳಾಗಿ ಆಪರೇಷನ್ ಆಗಿತ್ತು. ಮದುವೆಯಾಗದ ಹೆಣ್ಣುಮಗಳು, ನೀರು ಕೊಡುವವರೂ ಇಲ್ಲ. ನಾನು ಆಗಷ್ಟೇ ಬೆಳಗಾವಿಯ ಹೆಣ್ಣುಮಕ್ಕಳ ಶಾಲೆಯಿಂದ ನಿವೃತ್ತಿಯಾಗಿದ್ದೆ. ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು. "ಜಲಮಾಲಿನ್ಯಕ್ಕೆ ಐದು ಕಾರಣಗಳನ್ನು ಬರೆಯಿರಿ" ಎಂಬ ಪ್ರಶ್ನೆಯನ್ನು ಎಷ್ಟು ಸಲ ಕೊಟ್ಟಿದ್ದೇನೋ ಲೆಕ್ಕವಿಲ್ಲ.

ನೀಲಾಳ ಹಿತ್ತಿಲು

ಇಂಗ್ಲೆಂಡಿನ ಉತ್ತರಕ್ಕೆ, ಕುರಿಗಳು ಮನುಷ್ಯರಿಗಿಂತ ಹೆಚ್ಚಿರುವ ಒಂದು ಸಣ್ಣ ಊರು. ಕಪ್ಪು ಕಲ್ಲಿನ ಮನೆಗಳು. ಬೀದಿಯಲ್ಲಿ ಯಾರೂ ಕೂಗುವುದಿಲ್ಲ, ಬಸ್ಸು ಇಳಿಯುವಾಗ ಎಲ್ಲರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳುತ್ತಾರೆ. ನಮ್ಮ ಪೀರನವಾಡಿ ಬಸ್ಸಿನಲ್ಲಿ ಹಾಗೆ ಹೇಳಿದರೆ ಡ್ರೈವರ್ ಹೆದರಿಯಾನು. ನೀಲಾಳ ಮನೆಯ ಹಿಂದೆ ಒಂದು ಗಿಡ್ಡ ಕಲ್ಲುಗೋಡೆ, ಅದರಾಚೆ ಹಳ್ಳ. ಸೀರೆ ಎತ್ತಿ ಹಿಡಿದರೆ ದಾಟಬಹುದಾದಷ್ಟು ನೀರು. ತಳದ ಕಲ್ಲು ಒಂದೊಂದೂ ಕಾಣುತ್ತಿತ್ತು.

ಬಂದ ಮಾರನೆಯ ದಿನ ಅಡುಗೆಮನೆ ಕಿಟಕಿಯಿಂದ ಪಕ್ಕದ ಮನೆಯ ಮುದುಕರನ್ನು ನೋಡಿದೆ. ಮೊಣಕಾಲ ತನಕ ರಬ್ಬರ್ ಬೂಟು, ಹೆಗಲಿಗೆ ಚೀಲ, ಕೈಯಲ್ಲಿ ಕೋಲು. ಹಳ್ಳದೊಳಗೇ ನಡೆದು ಮೇಲಕ್ಕೆ ಹೋದರು. ಒಂದೂವರೆ ತಾಸಿನ ಮೇಲೆ ತಿರುಗಿ ಬಂದರು. ಚೀಲ ಖಾಲಿ. ಮರುದಿನವೂ ಅದೇ, ಅದರ ಮರುದಿನವೂ ಅದೇ.

"ಏನ್ ಹುಡಕ್ತಾರವಾ ಆ ಅಜ್ಜಾರು?" ಎಂದು ನೀಲಾಳನ್ನು ಕೇಳಿದೆ.

"ಪೀಟರ್ ಅಂತ ಅಕ್ಕಾ. ಹಳ್ಳದಾಗಿನ ಕಳೆ ಕೀಳ್ತಾರ. ಹದಿನಾಕು ವರ್ಷ ಆತಂತ."

"ಚೀಲ ಖಾಲಿ ಐತಲ್ಲ?"

"ಖಾಲಿ ಐತಿ ಅಂತನ ಖುಷಿಲೆ ಅದಾರ ಅವರು."

ನಾನು ನಕ್ಕೆ. ಇಲ್ಲದ ಕಳೆಯನ್ನು ಕೀಳಲು ಹೋಗುವ ಮನುಷ್ಯನನ್ನು ಅಲ್ಲಿಯತನಕ ಕಂಡಿರಲಿಲ್ಲ.

ನಾಲ್ಕನೆಯ ದಿನ ಬಟ್ಟೆ ಒಣಗಿಸುವಾಗ ಗೋಡೆಯಾಚೆಯಿಂದ ಅವರೇ ಮಾತಾಡಿಸಿದರು. ಎಂಬತ್ತರ ಆಸುಪಾಸು. ಶಾರದಾ ಎಂದು ನನ್ನ ಹೆಸರು ಹೇಳಿದೆ. ನನ್ನ ಇಂಗ್ಲಿಷ್ ಪುಸ್ತಕದ್ದು, ಅವರದು ಆ ಗುಡ್ಡದ್ದು. ಆದರೂ ನಿಧಾನಕ್ಕೆ ಹೊಂದಿತು. ಕಳೆಯನ್ನು ಮೇಲಿನಿಂದಲೇ ತೆಗೆಯುತ್ತ ಬರಬೇಕು ಎಂದು ಅವರು ತಿಳಿಸಿ ಹೇಳಿದರು. ಕೆಳಗೆ ಎಷ್ಟು ಕಿತ್ತರೂ ಮೇಲೆ ಒಂದು ಗಿಡ ಉಳಿದರೆ, ಬೀಜ ನೀರಿನ ಜೊತೆ ಇಳಿದು ಬಂದು ಮತ್ತೆ ದಂಡೆಯೆಲ್ಲ ಅದರದೇ. ಬೇಸಿಗೆಯಲ್ಲಿ ಆ ಗಿಡ ಹುಲ್ಲನ್ನೂ ಬದುಕಗೊಡುವುದಿಲ್ಲ. ಚಳಿಗಾಲಕ್ಕೆ ತಾನೂ ಸತ್ತು ದಂಡೆಯನ್ನು ಬತ್ತಲೆ ಮಾಡಿ ಹೋಗುತ್ತದೆ. ಆಗ ಮಣ್ಣು ಕುಸಿದು ನೀರಿಗೆ ಬಿದ್ದು, ಮೀನಿನ ಮೊಟ್ಟೆಗಳು ಉಸಿರುಗಟ್ಟುತ್ತವೆ. ಅವರೂ ಅವರ ಹೆಂಡತಿ ಮಾರ್ಗರೆಟ್ಟರೂ ಮೇಲೆ ಗುಡ್ಡದ ಬುಡದಲ್ಲಿ, ನೀರು ಹಳೆಯ ಕುರಿಗೋಡೆಯ ಕೆಳಗಿಂದ ಹೊರಬರುವ ಜಾಗದಲ್ಲಿ ಕೀಳಲು ಶುರುಮಾಡಿ, ವರ್ಷಕ್ಕೆ ಒಂದಿಷ್ಟು ಹೆಜ್ಜೆ ಕೆಳಗೆ ಬಂದಿದ್ದರು. ನಡುವೆ ಎರಡು ಸಲ ಎಲ್ಲೋ ಒಂದು ಗಿಡ ಕಣ್ತಪ್ಪಿ, ಮೇಲಿನಿಂದ ಮತ್ತೆ ಶುರುಮಾಡಬೇಕಾಗಿತ್ತಂತೆ.

"ಈ ವರ್ಷ ಕುರಿಗೋಡೆಯಿಂದ ಊರಿನ ಸೇತುವೆಯವರೆಗೆ ಒಂದೇ ಒಂದು ಗಿಡ ಇಲ್ಲ," ಎಂದರು ಪೀಟರ್. "ಇದೇ ಮೊದಲ ಬೇಸಿಗೆ. ಮಾರ್ಗರೆಟ್ ಜನವರಿಯಲ್ಲಿ ಹೋದಳು. ನೋಡಲಿಲ್ಲ."

ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಮತ್ತೊಮ್ಮೆ ಹಿಂಡಿದೆ. ಅವರೇ ಮಾತು ತಿರುಗಿಸಿ ನಿಮ್ಮ ಊರಲ್ಲಿ ನದಿ ಇದೆಯೇ ಎಂದರು. ಇದೆ ಎಂದೆ. ನನ್ನ ತವರು ಖಾನಾಪುರ, ಮಲಪ್ರಭೆ ನಮ್ಮ ಮನೆಯಿಂದ ಎರಡು ಓಣಿ ದೂರ. ಚಿಕ್ಕಂದಿನಲ್ಲಿ ಬೊಗಸೆಯಲ್ಲಿ ಎತ್ತಿ ಕುಡಿದ ನೀರು. ಈಗ ಬೇಸಿಗೆ ಬಂತೆಂದರೆ ಘಾಟಿನ ಮೆಟ್ಟಿಲ ಕೆಳಗೆ ಹಸಿರು ಚಾಪೆ ಹಾಸಿದ ಹಾಗೆ ಜಲಪರ್ಣಿ ಎಂಬ ನೀರುಕಳೆ ಕೂಡುತ್ತದೆ, ಅದರ ಸಂದಿಯಲ್ಲಿ ಊರಿನ ಗಟಾರದ ನೊರೆ. ಬೆಳಗಾವಿಯಲ್ಲಂತೂ ನಾಲಾ ಅನ್ನುವುದು ಒಂದು ಕಾಲಕ್ಕೆ ಹಳ್ಳವಾಗಿತ್ತು ಎಂದರೆ ಶಾಲೆಯ ಹುಡುಗಿಯರು ನಂಬುತ್ತಿರಲಿಲ್ಲ. ಒಮ್ಮೆ ಅವರನ್ನು ಬಸ್ಸಿನಲ್ಲಿ ಖಾನಾಪುರಕ್ಕೆ ಕರೆದೊಯ್ದು ಜಲಪರ್ಣಿ ಎತ್ತಿಸಿದ್ದೆ. ನಾಲ್ಕು ಬುಟ್ಟಿ ಎತ್ತಿ, ಫೋಟೋ ತೆಗೆಸಿಕೊಂಡು, ಅವಲಕ್ಕಿ ತಿಂದು ವಾಪಸ್ಸು ಬಂದೆವು. ಮೇಲೆ ಎಲ್ಲಿಂದ ಬರುತ್ತಿದೆ ಎಂದು ಹೋಗಿ ನೋಡುವ ವಿಚಾರ ಯಾರಿಗೂ ಬರಲಿಲ್ಲ, ನನಗೂ ಬರಲಿಲ್ಲ.

ಇದನ್ನೆಲ್ಲ ಪೀಟರ್‌ಗೆ ಹೇಳಿದೆ. ಅವರು ಕಿತ್ತ ಕಳೆ ಯಾವುದು, ನೋಡಲು ಹೇಗಿರುತ್ತದೆ ಎಂದು ಮಾತ್ರ ನಾನು ಕೇಳಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿರಿ, ಪ್ರಶ್ನೆ ಕೇಳಿರಿ ಎಂದು ತಲೆ ತಿಂದವಳು ನಾನು.

ಊರಿನ ಹೊಳೆದಂಡೆ

ಹಳ್ಳ ಸೇತುವೆ ದಾಟಿ ಊರಿನ ಕೆಳಗೆ ಹೊಳೆಯನ್ನು ಕೂಡುತ್ತದೆ. ನೀಲಾಳ ಔಷಧಿ ತರಲು ಆ ದಂಡೆಯ ಮೇಲೇ ಹೋಗಬೇಕು. ಅಲ್ಲಿ ಒಂದು ಬೋರ್ಡು, ಜೋರು ಮಳೆ ಬಂದ ಮೇಲೆ ಊರಿನ ಚರಂಡಿ ನೀರು ಹೊಳೆಗೆ ಸೇರುತ್ತದೆ, ಇಳಿಯಬೇಡಿ ಎಂದು. ನಾನು ಅದನ್ನು ಎರಡು ಸಲ ಓದಿದೆ. ಖರೇ ಹೇಳಬೇಕೆಂದರೆ ಒಳಗೊಳಗೆ ಸ್ವಲ್ಪ ಸಮಾಧಾನವಾಯಿತು. ಎಲ್ಲರ ಮನೆ ದೋಸೆಯೂ ತೂತೇ ಎಂದುಕೊಂಡೆ. ಇವರ ತೂತಿಗೆ ಬೋರ್ಡು ಇದೆ, ನಮ್ಮದಕ್ಕಿಲ್ಲ, ಅಷ್ಟೇ ವ್ಯತ್ಯಾಸ.

ಬೋರ್ಡಿನ ಹಿಂದೆ ದಂಡೆಗುಂಟ ಹೂ ನಿಂತಿತ್ತು. ಗುಲಾಬಿ ಬಣ್ಣ, ಟೊಪ್ಪಿಗೆಯಂಥ ಹೂ, ಕೆಂಪು ಛಾಯೆಯ, ನೀರು ತುಂಬಿದ ಗಂಟುಗಂಟು ದಂಟು. ಎತ್ತರ ನನಗಿಂತ ಒಂದು ಮೊಳ ಹೆಚ್ಚು. ಆದರೆ ಹೂವಿನ ಮೋರೆ ನೋಡಿದ ಕೂಡಲೇ ಗುರುತಾಯಿತು. ತೇರಡಾ! ಪುಸ್ತಕದಲ್ಲಿ ಕರ್ಣಕುಂಡಲ ಎಂದೋ ಗೌರಿ ಹೂ ಎಂದೋ ಬರೆಯುತ್ತಾರೆ, ಖಾನಾಪುರದ ಕಡೆ ಕನ್ನಡದವರಿಗೂ ಮರಾಠಿಯವರಿಗೂ ಅದು ತೇರಡಾ. ಶ್ರಾವಣದಲ್ಲಿ ಲೋಂಡಾ ಕಡೆ ರೈಲಿನಲ್ಲಿ ಹೋದರೆ ಹಳಿಯ ಎರಡೂ ಬಾಜು, ಒದ್ದೆ ಬಂಡೆಗಳ ಮೇಲೆ, ಗೇಣುದ್ದದ ತೇರಡಾ ಗಿಡಗಳು ಹೂಬಿಟ್ಟು ನಿಂತಿರುತ್ತವೆ. ನಮ್ಮ ಅವ್ವ ಶ್ರಾವಣ ಸೋಮವಾರದ ಪೂಜೆಗೆ ಬುಟ್ಟಿ ತುಂಬ ತರುತ್ತಿದ್ದಳು. ಈ ದೇಶಕ್ಕೆ ಬಂದ ಮೇಲೆ ನನಗೆ ಪೂಜೆಗೆ ಒಂದು ಹೂ ಸಿಕ್ಕಿರಲಿಲ್ಲ. ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಗುಲಾಬಿಗೆ ವಾಸನೆಯೂ ಇರಲಿಲ್ಲ. ಬರೀ ವಿಭೂತಿ ಇಟ್ಟು ಪೂಜೆ ಮುಗಿಸುತ್ತಿದ್ದೆ.

ಕೈಗೆಟಕುವಷ್ಟು ಕಿತ್ತೆ. ಮಾಗಿದ ಕಾಯಿಗಳು ಮುಟ್ಟಿದ ಕೂಡಲೇ ಚಟ್ ಚಟ್ ಎಂದು ಸಿಡಿದು ಸೆರಗಿನ ತುಂಬ ಕಪ್ಪು ಬೀಜ ಚೆಲ್ಲಿದವು. ಚಿಕ್ಕಂದಿನಲ್ಲಿ ನಾನೂ ನೀಲಾನೂ ಒಬ್ಬರ ಕಿವಿಯ ಹತ್ತಿರ ಒಬ್ಬರು ಈ ಕಾಯಿ ಸಿಡಿಸಿ ಓಡುತ್ತಿದ್ದೆವು. ಅರವತ್ತೊಂದು ವಯಸ್ಸಿನ ಹೆಂಗಸು ಪರದೇಶದ ಹೊಳೆದಂಡೆಯಲ್ಲಿ ಕಾಯಿ ಸಿಡಿಸುತ್ತ ಒಬ್ಬಳೇ ನಗುವುದನ್ನು ನೋಡಿ, ನಾಯಿ ಹಿಡಿದುಕೊಂಡು ಹೋಗುತ್ತಿದ್ದವನೊಬ್ಬ ತಾನೂ ನಕ್ಕು ಹೋದ. ಅವನಾದರೂ ಒಂದು ಮಾತು ಹೇಳಬಹುದಿತ್ತು. ಆ ದೇಶದಲ್ಲಿ ಅಪರಿಚಿತರಿಗೆ ಯಾರೂ ಬುದ್ಧಿ ಹೇಳುವುದಿಲ್ಲ. ನಮ್ಮ ಖಾನಾಪುರದಲ್ಲಾಗಿದ್ದರೆ ಅಷ್ಟರಲ್ಲಿ ನಾಲ್ಕು ಜನ ನಿಂತು ಅದನ್ನ್ಯಾಕ ಕೀಳ್ತೀರಿ, ಏನು ಮಾಡ್ತೀರಿ ಎಂದು ಕೇಳಿರುತ್ತಿದ್ದರು.

ಶ್ರಾವಣ ಸೋಮವಾರ

ಆ ಸೋಮವಾರ ಪೂಜೆ ಕಣ್ತುಂಬ ಆಯಿತು. ನೀಲಾ ಹಾಸಿಗೆಯಿಂದಲೇ ನೋಡಿ, "ಅವ್ವ ಮಾಡಿದಂಗ ಆತಕ್ಕಾ" ಎಂದಳು. ಇಬ್ಬರಿಗೂ ಕಣ್ಣಲ್ಲಿ ನೀರು ಬಂತು.

ತೊಡಕು ಶುರುವಾದದ್ದು ಮರುದಿನ. ನಿರ್ಮಾಲ್ಯವನ್ನು ಏನು ಮಾಡುವುದು? ದೇವರ ಮೇಲಿಂದ ತೆಗೆದ ಹೂವನ್ನು ಕಸಕ್ಕೆ ಹಾಕಬಾರದು, ತುಳಿಯುವ ಜಾಗದಲ್ಲಿ ಚೆಲ್ಲಬಾರದು. ಹರಿಯುವ ನೀರಿಗೆ ಬಿಡಬೇಕು. ಇದನ್ನು ನನಗೆ ಯಾರೂ ಕಲಿಸಿದ್ದಲ್ಲ, ಬುದ್ಧಿ ಬಂದಾಗಿನಿಂದ ಕೈ ಮಾಡುತ್ತ ಬಂದದ್ದು. ನೀಲಾಳ ಬಾಗಿಲಲ್ಲಿ ನಾಲ್ಕು ಬಣ್ಣದ ನಾಲ್ಕು ಕಸದ ಡಬ್ಬಿಗಳಿದ್ದವು. ಯಾವುದರಲ್ಲಿ ಯಾವ ಕಸ, ಯಾವುದು ಯಾವ ವಾರ ಹೊರಗೆ ಎಂಬುದನ್ನು ಕಲಿಯಲು ನನಗೆ ಹತ್ತು ದಿನ ಹಿಡಿದಿತ್ತು.

"ಹೂವು ಎಲಿ ಎಲ್ಲಾ ಕಂದು ಬಣ್ಣದ ಡಬ್ಬ್ಯಾಗ ಹಾಕು ಅಕ್ಕಾ. ಗೊಬ್ಬರ ಮಾಡ್ತಾರ," ಎಂದಳು ನೀಲಾ.

"ಲಿಂಗದ ಮ್ಯಾಲಿನ ಹೂವು ಡಬ್ಬಿಗಿ ಹಾಕಂತೀಯಲ್ಲ, ನಿನಗ ಎಷ್ಟ್ ವರ್ಷ ಆತು ಇಲ್ಲಿಗಿ ಬಂದು?" ಎಂದು ಗದರಿಸಿದೆ.

ಮನೆ ಹಿಂದೆಯೇ ಬಿಡಬಹುದಿತ್ತು. ಆದರೆ ಅಲ್ಲಿ ಯಾರದೋ ಮನೆಯ ಕೊಳವೆಯೊಂದು ಹಳ್ಳಕ್ಕೆ ಬಾಯಿ ತೆರೆದಿತ್ತು. ಶುದ್ಧ ನೀರು ಬೇಕೆಂದು ಕುರಿದಾರಿ ಹಿಡಿದು ಮೇಲಕ್ಕೆ ನಡೆದೆ. ಮುಂಜಾನೆಯ ತಂಪು, ಎಲ್ಲೂ ಯಾರೂ ಇಲ್ಲ. ಕುರಿಗೋಡೆಯ ಕೆಳಗಿಂದ ನೀರು ಹೊರಬರುವಲ್ಲಿ ಕೂತು, ಹೂ, ದಂಟು, ಕಾಯಿ ಎಲ್ಲವನ್ನೂ ಎರಡೂ ಕೈಯಿಂದ ನೀರಿಗೆ ಬಿಟ್ಟು ಕೈಮುಗಿದೆ. ನೀಲಾಳ ಬೆನ್ನು ನೆಟ್ಟಗಾಗಲಿ ಎಂದು ಬೇಡಿಕೊಂಡೆ. ಇಳಿದು ಬರುವಾಗ ಬೂಟು ಹಾಕಿಕೊಂಡು ಹೊರಟಿದ್ದ ಪೀಟರ್ ಎದುರಾದರು. "ಒಳ್ಳೆಯ ಮುಂಜಾನೆ," ಎಂದರು. "ಬಹಳ ಒಳ್ಳೆಯದು," ಎಂದೆ.

ಮುಂದಿನ ಸೋಮವಾರವೂ ತೇರಡಾ ತಂದೆ. ಮಂಗಳವಾರ ಮತ್ತೆ ಮೇಲೆ ಹೋಗಿ ಬಿಟ್ಟು ಬಂದೆ.

ಪೀಟರ್ ಅವರ ಅಡುಗೆಮನೆ

ಮೂರನೆಯ ಸೋಮವಾರ ಪೀಟರ್ ಚಹಾಕ್ಕೆ ಕರೆದರು. ನಾಲ್ಕು ಗಂಟೆ ಎಂದರೆ ನಾಲ್ಕೇ ಗಂಟೆ. ಯಾರ ಮನೆಗಾದರೂ ಮೊದಲ ಸಲ ಬರಿಗೈಯಲ್ಲಿ ಹೋಗುವುದು ನಮ್ಮಲ್ಲಿ ಇಲ್ಲ. ಕುಂದಾ ಹೋಗಿತ್ತು. ಶೇಂಗಾ ಚಟ್ನಿ ಕೊಟ್ಟರೆ ಆ ಖಾರಕ್ಕೆ ಮುದುಕರು ಉಳಿದಾರೆಯೇ? ಪೂಜೆಗೆ ತಂದ ತೇರಡಾದಲ್ಲಿ ಒಳ್ಳೆಯ ಏಳೆಂಟು ದಂಟು ಆರಿಸಿ, ರಿಬ್ಬನ್ ಕಟ್ಟಿ, ಹಿಡಿದುಕೊಂಡು ಹೋಗಿ ಬಾಗಿಲು ಬಡಿದೆ.

ಬಾಗಿಲು ತೆರೆದ ಪೀಟರ್ ಅವರ ಮೋರೆಯ ಬಣ್ಣ ಹೋಯಿತು. ಮಲಗಿದ ಕೂಸನ್ನು ತೊಟ್ಟಿಲಿಂದ ಎತ್ತಿಕೊಳ್ಳುವ ಹಾಗೆ, ಒಂದಿಷ್ಟೂ ಅಲುಗಾಡದಂತೆ ನನ್ನ ಕೈಯಿಂದ ಹೂಗಳನ್ನು ತೆಗೆದುಕೊಂಡರು. ಒಳಗೆ ಹೋಗಿ ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಎರಡು ಗಂಟು ಹಾಕಿದರು. ಸಣ್ಣ ಕಸಬರಿಗೆ ತಂದು ನನ್ನ ಕಾಲ ಬುಡದ ಮೆಟ್ಟಿಲು ಗುಡಿಸಿ, ಬಂದ ಧೂಳನ್ನೂ ಅದೇ ಚೀಲಕ್ಕೆ ತುಂಬಿದರು. ಆಮೇಲೆ ಕೈ ತೊಳೆದು ಚಹಾಕ್ಕೆ ನೀರಿಟ್ಟರು. ಆ ಜನ ಹಾಗೇ, ಏನೇ ಆಗಿರಲಿ, ಚಹಾ ಬಟ್ಟಲಿಗೆ ಬೀಳುವವರೆಗೆ ಕೆಟ್ಟ ಮಾತು ಎತ್ತುವುದಿಲ್ಲ. ನಾನು ಏನೋ ಅಪಚಾರ ಮಾಡಿದೆನೆಂದು ಕುರ್ಚಿಯ ಅಂಚಿನಲ್ಲಿ ಕೂತಿದ್ದೆ.

"ಎಲ್ಲಿಂದ ತಂದಿರಿ?" ಎಂದು ಕೊನೆಗೆ ಕೇಳಿದರು.

"ಊರ ಕೆಳಗಿನ ಹೊಳೆದಂಡೆಯಿಂದ."

ಅವರು ಉಸಿರು ಬಿಟ್ಟರು. "ಅಲ್ಲಿ ಇದೆ, ಗೊತ್ತು. ಅಲ್ಲಿಂದ ನೀರು ಮೇಲಕ್ಕೆ ಹರಿಯುವುದಿಲ್ಲ, ಪುಣ್ಯ. ಇದೇ ಆ ಕಳೆ, ಶಾರದಾ. ನಿಮ್ಮ ಹಿಮಾಲಯದ್ದು. ನಮ್ಮವರೇ ತೋಟಕ್ಕೆ ಚಂದವೆಂದು ತಂದು ನೆಟ್ಟರು. ನಿಮ್ಮ ತಪ್ಪೇನಿಲ್ಲ." ನಗಿಸಲೆಂದೇ ಕೊನೆಯ ಮಾತು ಹೇಳಿದರು.

ನಾನು ತೇರಡಾ ಎಂದುಕೊಂಡದ್ದು ಅದರ ಹಿಮಾಲಯದ ದಾಯಾದಿಯನ್ನು. ಸುಮ್ಮನಿದ್ದುಬಿಡಬಹುದಿತ್ತು. ಮೂರು ವಾರದಲ್ಲಿ ನಾನು ವಿಮಾನ ಹತ್ತುವವಳು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಅಡುಗೆಮನೆಯ ಗೋಡೆಗೆ ಮಾರ್ಗರೆಟ್ ಅವರ ಫೋಟೋ ಇತ್ತು. ಹಳ್ಳದ ನಡುವೆ ನಿಂತು, ಕಿತ್ತ ಗಿಡಗಳ ಹೊರೆ ಹೊತ್ತುಕೊಂಡು ನಗುತ್ತಿದ್ದರು. ಅದನ್ನು ನೋಡುತ್ತ ಎಲ್ಲ ಹೇಳಿಬಿಟ್ಟೆ. ಪೂಜೆ, ನಿರ್ಮಾಲ್ಯ, ಮುಂಜಾನೆ ಮೇಲೆ ಹೋಗಿದ್ದು.

"ಎಲ್ಲಿ ಬಿಟ್ಟಿರಿ?"

"ಗೋಡೆಯ ಹತ್ತಿರ. ನೀರು ಹೊರಗೆ ಬರುವಲ್ಲಿ."

"ಕಾಯಿ ಇದ್ದವೇ?"

"ಇದ್ದವು. ಎರಡು ಸಲ ಬಿಟ್ಟೆ."

ಅವರು ಬಟ್ಟಲನ್ನು ಕೆಳಗಿಟ್ಟರು. "ಯಾಕೆ ನೀರಿಗೇ ಬಿಡಬೇಕು?" ಎಂದು ಕೇಳಿದರು. ಸಿಟ್ಟಿನಿಂದಲ್ಲ, ತಿಳಿದುಕೊಳ್ಳಲೆಂದೇ. ದೇವರಿಗೆ ಏರಿಸಿದ್ದನ್ನು ಯಾರೂ ತುಳಿಯಬಾರದು, ಅದಕ್ಕೆ ಎಂದೆ. ಅವರು ತಲೆಯಾಡಿಸಿದರು. "ಒಳ್ಳೆಯ ಕಾರಣವೇ," ಎಂದರು.

ಅವರು ಬೈದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಗೋಡೆಯ ಮೊಳೆಯಿಂದ ಟೊಪ್ಪಿಗೆ ತೆಗೆದುಕೊಂಡು ಅವರು ಬೂಟು ಹಾಕಿಕೊಳ್ಳತೊಡಗಿದರು.

ಕುರಿಗೋಡೆ

ಉಳಿದ ದಿನಗಳಲ್ಲಿ ನಾವಿಬ್ಬರೂ ದಿನಾ ಮೇಲೆ ಹೋದೆವು. ನೀಲಾಳ ಅಡುಗೆ, ಔಷಧಿ ಮುಗಿಸಿ, ಸೀರೆಯನ್ನು ಕಚ್ಚೆ ಹಾಕಿ, ಮಾರ್ಗರೆಟ್ ಅವರ ಬೂಟಿನಲ್ಲಿ ಕಾಲು ತೂರಿಸಿ ಹಳ್ಳಕ್ಕೆ ಇಳಿಯುತ್ತಿದ್ದೆ. ಪೀಟರ್ ಹಿಟ್ಟಿನ ಜರಡಿಯಂಥದೊಂದು ತಂದಿದ್ದರು. ದಂಡೆಯ ಕೆಸರನ್ನು ಬೊಗಸೆ ಬೊಗಸೆಯಾಗಿ ಎತ್ತಿ ಜಾಲಿಸುತ್ತಿದ್ದೆವು. ಕಲ್ಲಿಗೆ ಸಿಕ್ಕಿಕೊಂಡ ಎರಡು ದಂಟು ಸಿಕ್ಕವು. ಅವುಗಳ ಕಾಯಿ ಸಿಡಿದು ಸುರುಳಿಯಾಗಿದ್ದವು. ಬೀಜ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಸಾಸಿವೆಗಿಂತ ತುಸು ದೊಡ್ಡ ಕಪ್ಪು ಬೀಜ, ಕಪ್ಪು ಮಣ್ಣಿನಲ್ಲಿ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂಬ ಮಾತನ್ನು ನೂರು ಸಲ ಆಡಿದ್ದೆ, ಮೊಣಕಾಲ ನೀರಿನಲ್ಲಿ ನಿಂತು ಮಾಡಿದ್ದು ಅದೇ ಮೊದಲು.

ಸಾಕು, ನಿಮಗೆ ಆಗುವುದಿಲ್ಲ ಎಂದರೆ ಅವರು ಕೇಳುತ್ತಿರಲಿಲ್ಲ. ಒಂದೊಂದು ಸಲ ಕಲ್ಲಿನ ಮೇಲೆ ಕೂತು ಸೊಂಟ ಹಿಡಿದುಕೊಳ್ಳುತ್ತಿದ್ದರು. ಆಗ ನಾನು ಬೇರೆ ಕಡೆ ನೋಡುತ್ತಿದ್ದೆ.

"ಬಿದ್ದ ಬೀಜ ಚಳಿಗಾಲವೆಲ್ಲ ಮಲಗಿರುತ್ತದೆ," ಎಂದರು ಒಂದು ದಿನ. "ಎಪ್ರಿಲ್ಲಿನಲ್ಲಿ ಎರಡು ಎಲೆ ಬಿಟ್ಟಾಗಲೇ ಗೊತ್ತಾಗುವುದು. ಆಗ ಕಿತ್ತರೆ ಆಯಿತು. ಆಮೇಲೆ ಇನ್ನೊಂದು ಎರಡು ವರ್ಷ ಕಣ್ಣಿಡಬೇಕು."

ಅವರು ಮನಸ್ಸಿನಲ್ಲಿ ತಮ್ಮ ವಯಸ್ಸಿಗೆ ಎಷ್ಟು ಕೂಡಿಸಿಕೊಂಡರೋ ನಾನೂ ಅಷ್ಟೇ ಕೂಡಿಸಿಕೊಂಡೆ.

ಹೊರಡುವ ದಿನ ಗೋಡೆಯಾಚೆ ನಿಂತು ಕೈ ಕುಲುಕಿದರು. ಕ್ಷಮಿಸಿ ಎಂದೆ. "ಎಪ್ರಿಲ್ ಬರಲಿ," ಎಂದರು, ಅಷ್ಟೇ. ವಿಮಾನದಲ್ಲಿ ದಾರಿಯುದ್ದಕ್ಕೂ ಅತ್ತೆ. ಬಾಜು ಕೂತಿದ್ದ ಹೆಂಗಸು ನಾನು ಮಗಳನ್ನು ಬಿಟ್ಟು ಬರುತ್ತಿದ್ದೇನೆಂದು ತಿಳಿದು ನೀರು ಕೊಟ್ಟಳು.

ಖಾನಾಪುರ

ಬಂದ ವಾರವೇ ತವರಿಗೆ ಹೋದೆ. ಅಣ್ಣನ ಹೆಂಡತಿ, ನಮ್ಮ ವೈನಿ, ಮುಂಜಾನೆ ಪೂಜೆ ಮುಗಿಸಿ ಹಿಂದಿನ ದಿನದ ನಿರ್ಮಾಲ್ಯವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೊಳೆಗೆ ಹೊರಟಿದ್ದರು. ನಾನೂ ಬೆನ್ನು ಹತ್ತಿದೆ. ಘಾಟಿನಲ್ಲಿ ಅಂಥವು ಹತ್ತಾರು ಚೀಲ, ಬಾಯಿ ಕಟ್ಟಿದ್ದು ಕಟ್ಟಿದಂತೆಯೇ ನೀರಿನಲ್ಲಿ ತೇಲುತ್ತಿದ್ದವು. ಅವುಗಳ ಸುತ್ತ ಜಲಪರ್ಣಿ ನೇರಳೆ ಹೂಬಿಟ್ಟು ನಿಂತಿತ್ತು. ಇದೇ ಘಾಟಿನಲ್ಲಿ ನಾನೂ ಎಷ್ಟು ಚೀಲ ಬಿಟ್ಟಿದ್ದೇನೆ!

"ವೈನಿ, ಇದನ್ನ ಹೊಳಿಗಿ ಬಿಡಬ್ಯಾಡ್ರಿ," ಎಂದೆ.

"ಮತ್ತೆಲ್ಲಿ ಬಿಡೂಣವಾ? ಹಾದ್ಯಾಗ ಒಗದು ಮಂದಿ ಕಡೆ ತುಳಸೂಣೇನು?"

"ಹಿತ್ತಲದಾಗ ಪಾರಿಜಾತದ ಬುಡಕ್ಕ ಒಂದ್ ತಗ್ಗ ತೋಡೂಣ್ರಿ. ಅದರಾಗ ಹಾಕಿ ಮ್ಯಾಲೆ ಮಣ್ಣು ಮುಚ್ಚಿದ್ರ ಆತು."

"ಭಾಳ ಶಾಣ್ಯಾಕಿ ಆಗಿ ಬಂದಿ ನೋಡು. ಇಂಗ್ಲೆಂಡಿಗಿ ಹೋಗಿ ದೇವ್ರ ಹೂವು ಮಣ್ಣಾಗ ಹುಗಿಯಾಕ ಕಲ್ತಿ," ಎಂದು ನಕ್ಕರು.

ಮೆಟ್ಟಿಲ ಮೇಲೆ ಕೂಡ್ರಿಸಿ ಪೀಟರ್ ಅವರ ಕಥೆ ಹೇಳಿದೆ. ವೈನಿ ಕಿವಿಗೊಟ್ಟು ಕೇಳಿದರು. ಸೆರಗಿನಿಂದ ಕಣ್ಣೊರಸಿಕೊಂಡು, "ಪಾಪ, ಹೆಂಡ್ತಿ ಹೋದ ಮ್ಯಾಲೂ ಬಿಡಲಿಲ್ಲ ನೋಡು ಅಂವ," ಎಂದರು. ಅದೇ ದಿನ ಇಬ್ಬರೂ ಕೂಡಿ ತಗ್ಗು ತೋಡಿದೆವು. ಮೂರು ವಾರ ಬಿಟ್ಟು ಹೋದಾಗ ತಗ್ಗಿನಲ್ಲಿ ಎಲೆ ಬಿದ್ದಿತ್ತು, ನಿರ್ಮಾಲ್ಯ ಇರಲಿಲ್ಲ. ನಾನು ಕೇಳುವ ಮೊದಲೇ ವೈನಿ, "ಏನ್ ಮಾಡ್ಲಿ ಶಾರದಾ, ಕೈ ಕೇಳೂದಿಲ್ಲ. ಮಣ್ಣಾಗ ಹಾಕೂ ಮುಂದ ಎದಿ ಝಲ್ ಅಂತೈತಿ," ಎಂದರು. ನನಗೆ ಸಿಟ್ಟು ಬರಲಿಲ್ಲ. ಅವರ ಕೈ ನನಗೆ ಗೊತ್ತು, ನನ್ನದೂ ಅಂಥದೇ.

ಎಪ್ರಿಲ್

ಡಿಸೆಂಬರಿನಲ್ಲಿ ಪೀಟರ್ ಮಂಜಿನ ಮೇಲೆ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಈಗ ಮುದುಕರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿದ್ದಾರೆ. ಎದ್ದು ನಡೆಯುವುದು ಇನ್ನು ಆಗುವುದಿಲ್ಲವಂತೆ. ನೀಲಾ ಕೋಲು ಹಿಡಿದು ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾಳೆ, ಕೂತು ಮಾಡುವ ಕೆಲಸ. ಪ್ರತಿ ಐತ್ವಾರ ಹೋಗಿ ಅವರನ್ನು ಕಂಡು ಬರುತ್ತಾಳೆ.

ಎಪ್ರಿಲ್ ನಡುವೆ ಒಂದು ದಿನ ವಿಡಿಯೋ ಕಾಲ್ ಮಾಡಿದಳು. ಫೋನನ್ನು ನೆಲದ ಕಡೆ ತಿರುಗಿಸಿದಳು. ಹಳ್ಳದ ದಂಡೆ. ಕೆಸರಿನಲ್ಲಿ ಸಣ್ಣ ಸಣ್ಣ ಸಸಿಗಳು, ಒಂದೊಂದಕ್ಕೂ ದುಂಡಗಿನ ಎರಡು ಎಲೆ. ಅಲ್ಲಲ್ಲಿ ಗುಂಪು ಗುಂಪಾಗಿ ಎದ್ದಿದ್ದವು.

"ಎಲ್ಲೀ ಮಟ ಅದಾವ?" ಎಂದೆ.

"ಗ್ವಾಡಿ ಕಡಿಂದ ಸೇತುವಿ ಮಟ ಅದಾವ ಅಕ್ಕಾ. ನನಗ ಬಗ್ಗಾಕ ಆಗೂದಿಲ್ಲ. ಕೋಲಿನ ತುದೀಲೆ ಒಂದಿಷ್ಟು ಕಿತ್ತೆ. ಆಸ್ಪತ್ರ್ಯಾಗ ಇಬ್ಬರನ್ನ ಕೇಳೇನಿ. ಬರ್ತೀವಿ ಅಂದಾರ, ಬಂದಿಲ್ಲ."

"ಪೀಟರ್ ಅವರಿಗೆ ಹೇಳಿದ್ಯಾ?"

ಅವಳು ಫೋನನ್ನು ತನ್ನ ಮೋರೆಯ ಕಡೆ ತಿರುಗಿಸಿದಳು. "ಹೋದ ಐತ್ವಾರ ಕೇಳಿದ್ರು. ಎಪ್ರಿಲ್ ಬಂತು, ಏನರ ಎದ್ದೈತೇನು ಅಂತ. ಇಲ್ಲ ಅಂದೆ. ಬಾಯಿಗಿ ಅದ ಬಂತಕ್ಕಾ."

ಹೋಗಿ ನಾನೇ ಕಿತ್ತು ಬರೋಣವೆಂದರೆ ವೀಸಾ ಮುಗಿದಿತ್ತು. ಮತ್ತೆ ಅರ್ಜಿ ಹಾಕಿದೆ. ಯಾಕೆ ಹೋಗುತ್ತೀರಿ ಎಂಬಲ್ಲಿ ತಂಗಿಯನ್ನು ನೋಡಲು ಎಂದು ಬರೆದೆ. ತಿರಸ್ಕರಿಸಿದರು.

ಮುಂದಿನ ಐತ್ವಾರ ನೀಲಾ ಅವರ ಕೋಣೆಯಿಂದಲೇ ಕಾಲ್ ಮಾಡಿದಳು. ಪೀಟರ್ ದಿಂಬಿಗೆ ಒರಗಿ ಕೂತಿದ್ದರು. ಅರ್ಧ ಆಗಿಹೋಗಿದ್ದರು. "ಶಾರದಾ, ನೀಲಾ ನೋಡಿ ಬಂದಳಂತೆ. ಒಂದೂ ಇಲ್ಲವಂತೆ," ಎಂದರು. ಹಿಂದೆ ನಿಂತಿದ್ದ ನೀಲಾ ಮೋರೆ ಕಿಟಕಿಯ ಕಡೆ ಮಾಡಿದಳು. ಅವರು ನನ್ನ ಮಾತಿಗೆ ಕಾಯುತ್ತಿದ್ದರು.

"ಹೌದು ಪೀಟರ್. ನನಗೂ ವಿಡಿಯೋದಲ್ಲಿ ತೋರಿಸಿದಳು. ಒಂದೂ ಇಲ್ಲ," ಎಂದೆ.

ಅವರು ಕಣ್ಣು ಮುಚ್ಚಿ ತೆರೆದರು. "ಮಾರ್ಗರೆಟ್ ಆಗಿದ್ದರೆ ನಿಮ್ಮಿಬ್ಬರ ಮಾತು ನಂಬುತ್ತಿರಲಿಲ್ಲ. ತಾನೇ ಹೋಗಿ ನೋಡಿ ಬರುತ್ತಿದ್ದಳು," ಎಂದು ನಕ್ಕರು.

ಈಗ ಜೂನ್. ಗಿಡಗಳು ಸೊಂಟದೆತ್ತರ ಆಗಿವೆ ಎಂದು ನೀಲಾ ಹೇಳುತ್ತಾಳೆ. ರಜೆ ಇದ್ದಾಗ ಕೋಲಿನಿಂದ ಕೆಲವನ್ನು ಮುರಿದು ಬರುತ್ತಾಳೆ. ಮುರಿದಷ್ಟೂ ಬುಡದಿಂದ ಮತ್ತೆ ಚಿಗುರುತ್ತವೆ. ಇನ್ನೊಂದು ತಿಂಗಳಿಗೆ ಹೂ ಬಿಡುತ್ತವೆ. ಪ್ರತಿ ಐತ್ವಾರ ಪೀಟರ್ ಕೇಳುತ್ತಾರೆ, ನಾವು ಅಕ್ಕತಂಗಿ ಇಬ್ಬರೂ ಇಲ್ಲ ಅನ್ನುತ್ತೇವೆ.